ಭಂಗಿ ಸೊಪ್ಪಿನಿಂದ ಸಿಬಿಡಿ ಹನಿವರೆಗೆ: ಈ ಕಥೆಯೊಳಗೆ ಕೊಲೆಸ್ಟ್ರಾಲ್ ಬಂದದ್ದು ಯಾವಾಗ?

 ಕೇಳೋಕೆ ಪುರುಸೊತ್ತಿಲ್ಲದವರು ಓದಿಕೊಳ್ಳಲಿ ಅಂತ ಎಂದಿನಂತೆ ಬರಹರೂಪವನ್ನೂ ಇಲ್ಲಿ ಕೊಡ್ತಿದ್ದೀವಿ.

ಇವತ್ತಿನ ಕಥೆ ಶುರುವಾಗೋದು ಚಿಕ್ಕಲಸಂದ್ರದಲ್ಲಿ, ನಮ್ಮ ದೊಡ್ಡಪ್ಪನ ಮನೆಯ ಊಟದ ಮೇಜಿನ ಮೇಲೆ. ಹೋದ ತಿಂಗಳು ಒಂದು ಭಾನುವಾರ ಬೆಳಗ್ಗೆ ಕಾಫಿಗೆ ಅಂತ ಹೋಗಿದ್ದೆ. ದೊಡ್ಡಪ್ಪನಿಗೆ ಈಗ 69. ನಾಲ್ಕು ವರ್ಷದ ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಒಂದು ಸ್ಟೆಂಟ್ ಹಾಕಿದ್ದಾರೆ. ಅವತ್ತಿಂದ ದಿನಾ ರಾತ್ರಿ ಊಟ ಆದಮೇಲೆ ಒಂದು ಅಟೊರ್ವಾಸ್ಟ್ಯಾಟಿನ್ ಮಾತ್ರೆ, ಅಂದ್ರೆ ಕೊಲೆಸ್ಟ್ರಾಲ್ ಇಳಿಸೋ ಮಾತ್ರೆ, ತಪ್ಪದೆ ನುಂಗ್ತಾರೆ. ಅಥವಾ ನುಂಗ್ತಾರೆ ಅಂತ ನಾವೆಲ್ಲ ಅಂದ್ಕೊಂಡಿದ್ವಿ. ಅವತ್ತು ಮಾತ್ರೆ ಡಬ್ಬದ ಪಕ್ಕ ಕಂದು ಬಣ್ಣದ ಒಂದು ಪುಟ್ಟ ಬಾಟಲಿ ಇತ್ತು, ಮುಚ್ಚಳದಲ್ಲೇ ಡ್ರಾಪರ್.

"ಇದೇನು ದೊಡ್ಡಪ್ಪ?" ಅಂದೆ.

"ಸಿಬಿಡಿ ಕಣಮ್ಮ," ಅಂದ್ರು.

ಬೆಂಗಳೂರಿನವರಿಗೆ ಸಿಬಿಡಿ ಅಂದ್ರೆ ಎಂ.ಜಿ. ರಸ್ತೆ ಸುತ್ತಮುತ್ತಲಿನ ಪ್ರದೇಶ, ಅಲ್ವಾ? ಇದು ಬೇರೆ ಸಿಬಿಡಿ. ಕ್ಯಾನಬಿಡಿಯಾಲ್. ಭಂಗಿ ಗಿಡದಲ್ಲಿರೋ ಒಂದು ರಾಸಾಯನಿಕ. ಬೆಳಗಿನ ವಾಕಿಂಗ್ ಗೆಳೆಯರೊಬ್ಬರು ಮಂಡಿ ನೋವಿಗೆ ಅಂತ ವೈದ್ಯರಿಂದ ಬರೆಸಿಕೊಂಡಿದ್ದರಂತೆ. ಉಳಿದ ಬಾಟಲಿಯನ್ನು ದೊಡ್ಡಪ್ಪನಿಗೆ ಕೊಟ್ಟು, "ಕೊಲೆಸ್ಟ್ರಾಲ್‌ಗೂ ಇದು ಒಳ್ಳೇದು" ಅಂದಿದ್ದರಂತೆ. ದೊಡ್ಡಪ್ಪ ರಾತ್ರಿ ಮಾತ್ರೆ ಬಿಟ್ಟು ಐದು ವಾರ ಆಗಿತ್ತು. ದೊಡ್ಡಮ್ಮನಿಗೂ ಹೇಳಿರಲಿಲ್ಲ.

ನಾನು ಗಾಬರಿಯಾದದ್ದು ನೋಡಿ ಅವರು ಮೂರು ಮಾತು ಹೇಳಿದ್ರು. ಒಂದು, "ಇದು ನಮ್ಮ ಹಿಂದಿನವರ ಔಷಧಿ, ಸಾವಿರಾರು ವರ್ಷದ್ದು." ಎರಡು, "ಈಗ ವಿಜ್ಞಾನಿಗಳೂ ಒಪ್ಪಿದ್ದಾರೆ." ಮೂರು, "ಗಿಡಮೂಲಿಕೆ ಅಲ್ವೇನಮ್ಮ, ತೊಂದರೆ ಏನೂ ಇಲ್ಲ." ಇವತ್ತಿನ ಸಂಚಿಕೆ ಈ ಮೂರು ಮಾತುಗಳ ವಿಚಾರಣೆ.

ಮೊದಲನೇ ಮಾತು: ಹಿಂದಿನವರ ಔಷಧಿ

ಇದರಲ್ಲಿ ಅರ್ಧ ನಿಜ ಇದೆ. ಅಥರ್ವವೇದದಲ್ಲೇ ಭಂಗದ ಹೆಸರಿದೆ. ಮಧ್ಯಯುಗದ ಆಯುರ್ವೇದ ಗ್ರಂಥಗಳಾದ ಶಾರ್ಙ್ಗಧರ ಸಂಹಿತೆ, ಭಾವಪ್ರಕಾಶಗಳಲ್ಲಿ ಈ ಗಿಡ ಬರುತ್ತೆ. ಆಯುರ್ವೇದದಲ್ಲಿ ಇದಕ್ಕೆ ವಿಜಯಾ ಅನ್ನೋ ಚೆಂದದ ಹೆಸರೂ ಇದೆ. ನಮ್ಮ ನಾಡಿನ ಆಚರಣೆಗಳಲ್ಲೂ ಇದೆ: ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಈ ಸೊಪ್ಪನ್ನು ಪ್ರಸಾದವೆಂದು ಸ್ವೀಕರಿಸುವ ರೂಢಿಯ ಬಗ್ಗೆ ಪತ್ರಿಕೆಗಳಲ್ಲಿ ವರದಿಗಳು ಬಂದಿವೆ.

ಆದ್ರೆ ವೈದ್ಯರು ಇದನ್ನು ಯಾವುದಕ್ಕೆ ಬಳಸ್ತಿದ್ರು? ಹಸಿವು ಹೆಚ್ಚಿಸೋಕೆ, ಭೇದಿ ನಿಲ್ಲಿಸೋಕೆ, ನೋವಿಗೆ, ನಿದ್ದೆಗೆ. ಕೊಲೆಸ್ಟ್ರಾಲ್‌ಗೆ ಬಳಸೋಕೆ ಸಾಧ್ಯವೇ ಇರಲಿಲ್ಲ, ಯಾಕಂದ್ರೆ ಆ ವಸ್ತುವಿನ ಪರಿಚಯವೇ ಜಗತ್ತಿಗೆ ಆಗಿರಲಿಲ್ಲ. ಫ್ರಾನ್ಸಿನಲ್ಲಿ 18ನೇ ಶತಮಾನದಲ್ಲಿ ಪಿತ್ತಕೋಶದ ಕಲ್ಲುಗಳಲ್ಲಿ ಅದು ಸಿಕ್ಕಿತು. 19ನೇ ಶತಮಾನದ ಆರಂಭದಲ್ಲಿ ಶೆವ್ರಲ್ ಅನ್ನೋ ರಸಾಯನಶಾಸ್ತ್ರಜ್ಞ ಅದಕ್ಕೆ ಹೆಸರಿಟ್ಟ. ರಕ್ತದ ಕೊಲೆಸ್ಟ್ರಾಲ್‌ಗೂ ಹೃದಯದ ಕಾಯಿಲೆಗೂ ಇರೋ ನಂಟು ಗಟ್ಟಿಯಾದದ್ದು 20ನೇ ಶತಮಾನದಲ್ಲಿ. ಅಂದಮೇಲೆ "ಸಾವಿರಾರು ವರ್ಷದಿಂದ ಕೊಲೆಸ್ಟ್ರಾಲ್‌ಗೆ" ಅನ್ನೋದು ಇತಿಹಾಸದ ಲೆಕ್ಕಕ್ಕೇ ಕೂಡೋದಿಲ್ಲ.

ಬ್ರಿಟಿಷರ ಕಾಲಕ್ಕೆ ಬರೋಣ. 1839ರಲ್ಲಿ ಕಲ್ಕತ್ತಾ ಮೆಡಿಕಲ್ ಕಾಲೇಜಿನ ಡಬ್ಲ್ಯು.ಬಿ. ಓಶಾನೆಸ್ಸಿ ಅನ್ನೋ ಐರಿಷ್ ವೈದ್ಯ ಈ ಗಿಡದ ಬಗ್ಗೆ ಒಂದು ಪ್ರಬಂಧ ಓದಿದ. ಮೊದಲು ಪ್ರಾಣಿಗಳಿಗೆ ಕೊಟ್ಟು ನೋಡಿ, ಆಮೇಲೆ ರೋಗಿಗಳಿಗೆ ಕೊಟ್ಟಿದ್ದ. ಸಂಧಿವಾತ, ಕಾಲರಾ, ಧನುರ್ವಾಯು, ಜೊತೆಗೆ ಒಂದು ಎಳೆಯ ಕೂಸಿನ ಫಿಟ್ಸ್. ಫಿಟ್ಸ್ ಅನ್ನೋದನ್ನ ಸ್ವಲ್ಪ ನೆನಪಿಟ್ಕೊಳ್ಳಿ, ಆಮೇಲೆ ಬೇಕಾಗುತ್ತೆ.

1893ರಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ಒಂದು ಪ್ರಶ್ನೆ ಎದ್ದಿತು: ಇಂಡಿಯಾದಲ್ಲಿ ಗಾಂಜಾದಿಂದ ಜನ ಹುಚ್ಚರಾಗ್ತಿದ್ದಾರಾ? ಅದಕ್ಕೆ ಉತ್ತರ ಹುಡುಕೋಕೆ ನೇಮಕವಾದದ್ದೇ ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್. 1,193 ಸಾಕ್ಷಿಗಳು, ಹಲವು ಸಂಪುಟಗಳ ವರದಿ. ನಮ್ಮ ಧಾರವಾಡ, ಬೆಳಗಾವಿ, ಬಿಜಾಪುರಗಳನ್ನು ಒಳಗೊಂಡಿದ್ದ ಬೊಂಬಾಯಿ ಪ್ರಾಂತ್ಯವೂ ಆ ವಿಚಾರಣೆಯಲ್ಲಿ ಸೇರಿತ್ತು. ಮಿತವಾದ ಬಳಕೆಯಿಂದ ದೊಡ್ಡ ಹಾನಿ ಇಲ್ಲ, ಪೂರ್ತಿ ನಿಷೇಧ ಬೇಡ ಅಂತ ವರದಿ ಹೇಳಿತು.

ನನಗೆ ಆ ವರದಿಯಲ್ಲಿ ತುಂಬ ಹಿಡಿಸಿದ್ದು ಇನ್ನೊಂದು ಸಂಗತಿ. ಮಾನಸಿಕ ಆಸ್ಪತ್ರೆಗಳ ದಾಖಲೆಗಳಲ್ಲಿ ಹುಚ್ಚಿಗೆ ಕಾರಣ ಗಾಂಜಾ ಅಂತ ಸಾಲುಸಾಲು ಬರೆದಿತ್ತು. ಕಮಿಷನ್ ಒಂದೊಂದೇ ಪ್ರಕರಣ ಬಿಚ್ಚಿ ನೋಡಿದಾಗ, ಎಷ್ಟೋ ಕಡೆ ಸರಿಯಾಗಿ ವಿಚಾರಿಸದೇನೇ ಬರೆದದ್ದು ಗೊತ್ತಾಯ್ತು. ಕಾರಣ ಗೊತ್ತಿಲ್ಲದಿದ್ರೆ ಗಾಂಜಾ ಅಂತ ಬರೆದು ಕಾಲಂ ತುಂಬಿಸಿಬಿಡೋದು. ಆಗ ಈ ಗಿಡದ ತಲೆಗೆ ಎಲ್ಲ ಕಾಯಿಲೆಯನ್ನೂ ಕಟ್ಟಿದ್ರು, ಈಗ ಎಲ್ಲ ಕಾಯಿಲೆಗೂ ಇದೇ ಮದ್ದು ಅಂತಿದ್ದಾರೆ. ಎರಡು ಸಲವೂ ವಿಚಾರಿಸೋ ಕೆಲಸ ಹಿಂದೆ ಬಿತ್ತು.

ಕಾನೂನಿನ ಒಂದು ಸಣ್ಣ ತಿರುವು

ಇಲ್ಲಿ ಕಾನೂನಿನ ಬಗ್ಗೆ ಎರಡು ಮಾತು. 1985ರ ಎನ್‌ಡಿಪಿಎಸ್ ಕಾಯ್ದೆ ಗಾಂಜಾ ಮತ್ತು ಚರಸ್ಸನ್ನು ನಿಷೇಧಿಸಿತು. ಆದ್ರೆ ಆ ಕಾಯ್ದೆಯ ವ್ಯಾಖ್ಯಾನದಲ್ಲಿ ಗಾಂಜಾ ಅಂದ್ರೆ ಹೂವಿನ ತುದಿ; ತುದಿಯ ಜೊತೆಗಿಲ್ಲದ ಎಲೆ, ಬೀಜ ಅದರಲ್ಲಿ ಸೇರಲ್ಲ. 2022ರ ಆಗಸ್ಟ್‌ನಲ್ಲಿ, ಇಲ್ಲೇ ಬೇಗೂರು ಪೊಲೀಸರು ದಾಖಲಿಸಿದ್ದ ಒಂದು ಪ್ರಕರಣದಲ್ಲಿ ಜಾಮೀನು ಕೊಡುವಾಗ ಕರ್ನಾಟಕ ಹೈಕೋರ್ಟ್ ಇದೇ ವ್ಯಾಖ್ಯಾನವನ್ನು ಎತ್ತಿ, ಭಾಂಗ್ ಆ ಕಾಯ್ದೆಯಡಿ ನಿಷೇಧಿತ ವಸ್ತು ಅಂತ ತೋರಿಸುವ ದಾಖಲೆ ಇಲ್ಲ ಅಂದಿತು.

ಎಲೆಗೆ ಉಳಿದ ಈ ಜಾಗದಲ್ಲೇ ಇವತ್ತಿನ ವಿಜಯಾ ಉತ್ಪನ್ನಗಳು ನಿಂತಿರೋದು. ಎಲೆಯ ಸಾರವನ್ನು ಆಯುರ್ವೇದ ಔಷಧಿಯ ಲೈಸೆನ್ಸ್ ಪಡೆದು ಮಾರ್ತಾರೆ. 2020ರಲ್ಲಿ ಕೋರಮಂಗಲದಲ್ಲಿ ಇದಕ್ಕೆಂದೇ ಒಂದು ಕ್ಲಿನಿಕ್ ತೆರೆಯಿತು, ದೇಶದಲ್ಲೇ ಮೊದಲನೆಯದು ಅಂತ ಪತ್ರಿಕೆಗಳು ಬರೆದವು. ಆದ್ರೆ ಡ್ರಗ್ಸ್ ಅಂಡ್ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಭಂಗ ಇರೋದು ಆಯುರ್ವೇದದ ವಿಷದ್ರವ್ಯಗಳ ಪಟ್ಟಿಯಲ್ಲಿ. ಹಾಗಾಗಿ ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ ಸೇವಿಸಬೇಕು ಅನ್ನೋ ಎಚ್ಚರಿಕೆ ಬಾಟಲಿ ಮೇಲೆ ಇರಲೇಬೇಕು. ದೊಡ್ಡಪ್ಪನ ಬಾಟಲಿ ಮೇಲೂ ಇತ್ತು, ಕನ್ನಡಕ ಹಾಕ್ಕೊಂಡ್ರೂ ಕಾಣದಷ್ಟು ಸಣ್ಣ ಅಕ್ಷರದಲ್ಲಿ. ಕೊಲೆಸ್ಟ್ರಾಲ್ ಅನ್ನೋ ಪದ ಮಾತ್ರ ಅದರ ಮೇಲೆ ಎಲ್ಲೂ ಇರಲಿಲ್ಲ.

ಇನ್ನೊಂದು ಗೊಂದಲ ಬಗೆಹರಿಸಿಬಿಡ್ತೀನಿ. ಅಂಗಡಿಯಲ್ಲಿ ಸಿಗೋ ಹೆಂಪ್ ಬೀಜದ ಎಣ್ಣೆಯೇ ಬೇರೆ. 2021ರ ನವೆಂಬರ್‌ನಲ್ಲಿ ಎಫ್‌ಎಸ್‌ಎಸ್‌ಎಐ ಈ ಬೀಜ, ಅದರ ಎಣ್ಣೆ, ಹಿಟ್ಟನ್ನು ಆಹಾರ ಅಂತ ಒಪ್ಪಿಕೊಂಡಿತು. ಆದ್ರೆ ಅದರಲ್ಲಿ ಸಿಬಿಡಿ ಕೆ.ಜಿ.ಗೆ 75 ಮಿಲಿಗ್ರಾಂ ದಾಟಬಾರದು ಅಂತ ಮಿತಿ ಹಾಕಿತು. ಅಂದ್ರೆ ಅದು ಅಗಸೆ ಎಣ್ಣೆಯ ಹಾಗೆ ಒಂದು ಅಡುಗೆ ಎಣ್ಣೆ. ಸಿಬಿಡಿ ಸಿಗುತ್ತೆ ಅಂತ ಅದನ್ನು ಕುಡಿದ್ರೆ ಏನೂ ಸಿಗಲ್ಲ.

ಎರಡನೇ ಮಾತು: ವಿಜ್ಞಾನಿಗಳು ಒಪ್ಪಿದ್ದಾರೆ

ಸಿಬಿಡಿಯನ್ನು ಗಿಡದಿಂದ ಮೊದಲು ಬೇರ್ಪಡಿಸಿದ್ದು 1940ರಲ್ಲಿ, ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ರೋಜರ್ ಆ್ಯಡಮ್ಸ್. 1963ರಲ್ಲಿ ಇಸ್ರೇಲಿನ ರಫೇಲ್ ಮೆಶೂಲಮ್ ಅದರ ರಚನೆ ಬಿಡಿಸಿಟ್ಟರು. ಮರುವರ್ಷ ಅವರ ತಂಡವೇ ಟಿಎಚ್‌ಸಿಯನ್ನೂ ಗುರುತಿಸಿತು. ಮತ್ತು ಬರಿಸೋದು ಟಿಎಚ್‌ಸಿ. ಸಿಬಿಡಿ ಮತ್ತು ಬರಿಸಲ್ಲ. 1992ರಲ್ಲಿ ನಮ್ಮ ದೇಹವೇ ತಯಾರಿಸೋ, ಇದೇ ಬಗೆಯ ಕೆಲಸ ಮಾಡೋ ಒಂದು ವಸ್ತು ಅವರ ಪ್ರಯೋಗಾಲಯದಲ್ಲಿ ಸಿಕ್ಕಿತು. ಅದಕ್ಕೆ ಸಂಸ್ಕೃತದ ಆನಂದ ಪದ ಸೇರಿಸಿ ಆನಂದಮೈಡ್ ಅಂತ ಹೆಸರಿಟ್ಟರು.

ಕೊಲೆಸ್ಟ್ರಾಲ್ ಈ ಕಥೆಯೊಳಗೆ ಬಂದದ್ದು ಇದಾದಮೇಲೆ, ಅದೂ ಒಂದು ಉಲ್ಟಾ ದಾರಿಯಿಂದ. ಗಾಂಜಾ ಸೇದಿದವರಿಗೆ ಹಸಿವು ಜಾಸ್ತಿ ಆಗುತ್ತೆ ಅನ್ನೋದು ಹಳೇ ವಿಷಯ. ಹಾಗಾದ್ರೆ ಗಾಂಜಾ ಯಾವ ಬಾಗಿಲಿಂದ ಮೆದುಳಿಗೆ ಹೋಗುತ್ತೋ ಆ ಬಾಗಿಲನ್ನು ಮುಚ್ಚಿದ್ರೆ? ಹಸಿವು ಇಳಿಯಬೇಕಲ್ವಾ? ಹೀಗೆ ಹುಟ್ಟಿದ ಮಾತ್ರೆ ರಿಮೊನಬಾಂಟ್. ಪ್ರಯೋಗಗಳಲ್ಲಿ ತೂಕ ಇಳಿಯಿತು. ಟ್ರೈಗ್ಲಿಸರೈಡ್ ಇಳಿದು, ಒಳ್ಳೆ ಕೊಲೆಸ್ಟ್ರಾಲ್ ಅಂತೀವಲ್ಲ, ಆ ಎಚ್‌ಡಿಎಲ್ ಏರಿತು. 2006ರಲ್ಲಿ ಯೂರೋಪಿನಲ್ಲಿ ಒಪ್ಪಿಗೆ ಸಿಕ್ಕಿತು. ಆದ್ರೆ ಆ ಬಾಗಿಲು ಮುಚ್ಚಿದಾಗ ಆನಂದವೂ ಹೊರಗೇ ಉಳಿಯಿತು: ಖಿನ್ನತೆ, ಆತ್ಮಹತ್ಯೆಯ ಯೋಚನೆಗಳು. 2008ರಲ್ಲಿ ಯೂರೋಪಿನಲ್ಲಿ ಮಾರಾಟ ನಿಂತಿತು, 2009ರಲ್ಲಿ ಭಾರತವೂ ನಿಷೇಧಿಸಿತು. ಗಮನಿಸಿ, ಇಲ್ಲಿ ಕೊಲೆಸ್ಟ್ರಾಲ್ ಲೆಕ್ಕ ಸುಧಾರಿಸಿದ್ದು ಗಾಂಜಾದ ಕೆಲಸವನ್ನು ತಡೆದಾಗ.

ಹಾಗಾದ್ರೆ "ಭಂಗಿ ಕೊಲೆಸ್ಟ್ರಾಲ್‌ಗೆ ಒಳ್ಳೇದು" ಅನ್ನೋ ಮಾತಿಗೆ ಜನ ತೋರಿಸೋ ಆಧಾರ ಏನು? ಮುಖ್ಯವಾಗಿ 2013ರಲ್ಲಿ ಪ್ರಕಟವಾದ ಅಮೆರಿಕದ ಒಂದು ಸಮೀಕ್ಷೆ. 4,657 ಜನರ ಮಾಹಿತಿ ನೋಡಿದಾಗ, ಗಾಂಜಾ ಬಳಸ್ತಿದ್ದವರಲ್ಲಿ ಇನ್ಸುಲಿನ್ ಮಟ್ಟ ಕಡಿಮೆ ಇತ್ತು, ಎಚ್‌ಡಿಎಲ್ ಒಂದೂವರೆ ಅಂಶದಷ್ಟು ಹೆಚ್ಚಿತ್ತು. ಆದ್ರೆ ಇದು ಗಾಂಜಾದ ಮಾತು, ಸಿಬಿಡಿಯದ್ದಲ್ಲ. ಅಲ್ಲದೆ ಸಮೀಕ್ಷೆಯಲ್ಲಿ ಎರಡು ಸಂಗತಿ ಒಟ್ಟಿಗೆ ಕಂಡ ಮಾತ್ರಕ್ಕೆ ಒಂದರಿಂದ ಇನ್ನೊಂದು ಆಯ್ತು ಅನ್ನೋಕಾಗಲ್ಲ. ಮಾನಸಿಕ ಆಸ್ಪತ್ರೆಯ ಆ ಕಾಲಂ ನೆನಪಿದೆ ಅಲ್ವಾ?

ಸಿಬಿಡಿಯನ್ನೇ ಮನುಷ್ಯರಿಗೆ ಕೊಟ್ಟು, ಕೊಲೆಸ್ಟ್ರಾಲನ್ನೇ ಗುರಿಯಾಗಿಟ್ಟು ಅಳೆದ ಪ್ರಯೋಗ 2016ರಲ್ಲಿ ಪ್ರಕಟವಾಯ್ತು. ಇನ್ಸುಲಿನ್ ತಗೊಳ್ಳದ 62 ಜನ ಸಕ್ಕರೆ ಕಾಯಿಲೆಯವರು. ಅವರನ್ನು ಗುಂಪುಗಳಾಗಿ ಮಾಡಿ, ಒಂದು ಗುಂಪಿಗೆ 13 ವಾರ, ದಿನಕ್ಕೆ ಎರಡು ಸಲ, 100 ಮಿಲಿಗ್ರಾಂ ಸಿಬಿಡಿ. ಇನ್ನೊಂದು ಗುಂಪಿಗೆ ಬರೀ ಹುಸಿ ಮಾತ್ರೆ. ಇವರು ನೋಡಬೇಕು ಅಂತ ಹೊರಟದ್ದೇ ಎಚ್‌ಡಿಎಲ್ ಏರುತ್ತಾ ಅಂತ. ಏರಲಿಲ್ಲ. ಸಣ್ಣ ಪ್ರಯೋಗ, ಒಪ್ತೀನಿ. ಆದ್ರೂ ದೊಡ್ಡಪ್ಪನ ಪ್ರಶ್ನೆಗೆ ನೇರವಾಗಿ ಉತ್ತರ ಕೊಡೋ ಪ್ರಯೋಗ ಇದು. ಅಲ್ಲಿ ಕೊಟ್ಟದ್ದು ದಿನಕ್ಕೆ 200 ಮಿಲಿಗ್ರಾಂ. ದೊಡ್ಡಪ್ಪನ ಐದು ಹನಿಯಲ್ಲಿ ಸಿಬಿಡಿ ಎಷ್ಟು, ಟಿಎಚ್‌ಸಿ ಎಷ್ಟು ಅಂತ ಆ ಬಾಟಲಿ ಮೇಲೆ ಬರೆದೇ ಇರಲಿಲ್ಲ.

ಇದನ್ನೆಲ್ಲ ಹೇಳಿದಾಗ ದೊಡ್ಡಪ್ಪ ಅಂದ್ರು, "ನಮ್ಮದು ಅಂದ್ರೆ ನಿಮ್ಮ ವಿಜ್ಞಾನ ಪರೀಕ್ಷೆ ಮಾಡೋದೇ ಇಲ್ಲ ಬಿಡಮ್ಮ." ಒಳ್ಳೆ ಮಾತು. ಅದಕ್ಕೆ ಗುಗ್ಗುಳದ ಕಥೆ ಹೇಳಲೇಬೇಕಾಯ್ತು.

ಗುಗ್ಗುಳದ ಪಾಠ

ಗುಗ್ಗುಳ ಗೊತ್ತಲ್ಲ, ಧೂಪಕ್ಕೆ ಹಾಕೋ ಮರದ ಅಂಟು. 1960ರ ದಶಕದಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡ್ತಿದ್ದ ಜಿ.ವಿ. ಸತ್ಯವತಿ ಅವರು ಸುಶ್ರುತ ಸಂಹಿತೆಯ ಮೇದೋರೋಗದ ವಿವರಣೆಯನ್ನು ಓದಿದ್ರು. ಕೊಬ್ಬು ಹೆಚ್ಚಾಗಿ ದೇಹದ ದಾರಿಗಳು ಮುಚ್ಚಿಹೋಗೋದು, ಅದಕ್ಕೆ ಗುಗ್ಗುಳ. ಇದು ಇವತ್ತಿನ ರಕ್ತನಾಳದ ಕಾಯಿಲೆಯ ಹಾಗೇ ಇದೆಯಲ್ಲ ಅಂತ ಅವರಿಗೆ ಹೊಳೀತು. ಮೊಲಗಳಿಗೆ ಕೊಟ್ಟು ನೋಡಿದ್ರು, ಕೊಲೆಸ್ಟ್ರಾಲ್ ಇಳಿಯಿತು. 1966ರಲ್ಲಿ ಅವರ ಪ್ರಬಂಧ ಸಿದ್ಧವಾಯ್ತು. ಮುಂದೆ ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಅದರ ಸಾರ ತೆಗೆದು, ಪ್ರಯೋಗ ಮಾಡಿ, 1980ರ ದಶಕದಲ್ಲಿ ಗುಗುಲಿಪಿಡ್ ಅನ್ನೋ ಔಷಧಿಯಾಯ್ತು. ಸತ್ಯವತಿ ಅವರು ಮುಂದೆ ಐಸಿಎಂಆರ್‌ನ ಮಹಾನಿರ್ದೇಶಕಿಯೂ ಆದರು. ನಮ್ಮ ಗ್ರಂಥವನ್ನು ನಮ್ಮವರೇ ಅಷ್ಟು ಗಂಭೀರವಾಗಿ ಓದಿ, ಪ್ರಯೋಗಾಲಯದವರೆಗೆ ತಂದ ಉದಾಹರಣೆಗಳು ಹೆಚ್ಚಿಲ್ಲ. ಇಲ್ಲಿನ ಪ್ರಯೋಗಗಳಲ್ಲಿ ಫಲಿತಾಂಶವೂ ಚೆನ್ನಾಗಿತ್ತು.

ಆಮೇಲೆ 2003ರಲ್ಲಿ ಅಮೆರಿಕದಲ್ಲಿ 103 ಜನರಿಗೆ ಎಂಟು ವಾರ ಕೊಟ್ಟು ಒಂದು ಬಿಗಿಯಾದ ಪ್ರಯೋಗ ನಡೀತು. ಎಲ್‌ಡಿಎಲ್, ಅಂದ್ರೆ ಕೆಟ್ಟ ಕೊಲೆಸ್ಟ್ರಾಲ್, ಗುಗ್ಗುಳ ತಗೊಂಡವರಲ್ಲಿ ಶೇ. 4ರಿಂದ 5ರಷ್ಟು ಏರಿತು. ಹುಸಿ ಮಾತ್ರೆ ತಗೊಂಡವರಲ್ಲಿ ಶೇ. 5ರಷ್ಟು ಇಳಿಯಿತು! ಊಟದ ವ್ಯತ್ಯಾಸವೋ, ಜನರ ವ್ಯತ್ಯಾಸವೋ ಅಂತ ಚರ್ಚೆ ನಡೀತು. ಆದ್ರೆ ಕೊಲೆಸ್ಟ್ರಾಲ್‌ಗೆ ಗುಗ್ಗುಳ ಸಾಕು ಅಂತ ಧೈರ್ಯವಾಗಿ ಹೇಳೋ ಸ್ಥಿತಿ ಉಳಿಯಲಿಲ್ಲ.

ನೋಡಿ, ಗುಗ್ಗುಳಕ್ಕೆ ಗ್ರಂಥದ ಆಧಾರ ಇತ್ತು, ಪ್ರಾಣಿ ಪ್ರಯೋಗ ಇತ್ತು, ಮನುಷ್ಯರ ಮೇಲಿನ ಪ್ರಯೋಗಗಳಿದ್ದವು. ಅಷ್ಟಿದ್ದೂ ಎಡವಿತು. ಸಿಬಿಡಿಗೆ ಕೊಲೆಸ್ಟ್ರಾಲ್ ವಿಷಯದಲ್ಲಿ ಗುಗ್ಗುಳಕ್ಕಿದ್ದ ಅರ್ಧ ದಾರಿಯೂ ಇಲ್ಲ.

ಅದೇ ಕಾಲದ ಇನ್ನೊಂದು ಕಥೆ ಪಕ್ಕದಲ್ಲಿಟ್ಟು ನೋಡೋಣ. ಜಪಾನಿನ ಅಕಿರಾ ಎಂಡೊ 1970ರ ದಶಕದ ಆರಂಭದಲ್ಲಿ ಸುಮಾರು 6,000 ಬೂಷ್ಟು, ಶಿಲೀಂಧ್ರಗಳನ್ನು ಒಂದೊಂದಾಗಿ ಪರೀಕ್ಷಿಸಿದ್ರು. ಅಕ್ಕಿಯ ಮೇಲೆ ಬೆಳೆಯೋ ಒಂದು ನೀಲಿಹಸಿರು ಬೂಷ್ಟಿನಲ್ಲಿ ಮೊದಲ ಸ್ಟ್ಯಾಟಿನ್ ಸಿಕ್ಕಿತು. ಅಂದ್ರೆ ದೊಡ್ಡಪ್ಪ "ಕೆಮಿಕಲ್" ಅಂತ ಬಿಟ್ಟ ಮಾತ್ರೆಯ ಕುಲವೂ ಪ್ರಕೃತಿಯದ್ದೇ. ಆ ಕುಲದ ಒಂದು ಮಾತ್ರೆಯನ್ನು ಸ್ಕ್ಯಾಂಡಿನೇವಿಯಾದಲ್ಲಿ 4,444 ಹೃದ್ರೋಗಿಗಳ ಮೇಲೆ ಐದು ವರ್ಷಕ್ಕೂ ಹೆಚ್ಚು ಕಾಲ ಪರೀಕ್ಷಿಸಿದ್ರು. 1994ರಲ್ಲಿ ಫಲಿತಾಂಶ ಬಂತು: ಸಾವು ಶೇ. 30ರಷ್ಟು ಕಡಿಮೆ. ಬರೀ ರಕ್ತಪರೀಕ್ಷೆಯ ಅಂಕಿ ಇಳಿದದ್ದಲ್ಲ, ಜನ ಬದುಕಿ ಉಳಿದದ್ದು.

ಮೂರನೇ ಮಾತು: ಗಿಡಮೂಲಿಕೆ, ತೊಂದರೆ ಇಲ್ಲ

ಸಿಬಿಡಿ ಪೊಳ್ಳಲ್ಲ, ಅದೊಂದು ನಿಜವಾದ ಔಷಧಿ. ಓಶಾನೆಸ್ಸಿ ನೋಡಿದ ಆ ಕೂಸಿನ ಫಿಟ್ಸ್ ನೆನಪಿಸಿಕೊಳ್ಳಿ. ಸುಮಾರು 180 ವರ್ಷಗಳಾದ ಮೇಲೆ, 2018ರಲ್ಲಿ, ಮಕ್ಕಳಲ್ಲಿ ಕಾಣಿಸೋ ಎರಡು ಬಗೆಯ ತೀವ್ರ ಅಪಸ್ಮಾರಕ್ಕೆ ಶುದ್ಧ ಸಿಬಿಡಿಯ ದ್ರಾವಣವನ್ನು ಅಮೆರಿಕದ ಎಫ್‌ಡಿಎ ಒಪ್ಪಿಕೊಂಡಿತು. ಎಪಿಡಿಯೊಲೆಕ್ಸ್ ಅಂತ ಅದರ ಹೆಸರು. ಅದನ್ನು ಕೊಡುವಾಗ ಲಿವರ್ ಪರೀಕ್ಷೆ ಮಾಡ್ತಾ ಇರಬೇಕು, ಯಾಕಂದ್ರೆ ಕೆಲವರಲ್ಲಿ ಲಿವರ್‌ನ ಎಂಜೈಮ್‌ಗಳು ಏರುತ್ತವೆ. ನಿಜವಾದ ಔಷಧಿ ಅಂದಮೇಲೆ ಅಡ್ಡಪರಿಣಾಮವೂ ನಿಜವೇ.

ದೊಡ್ಡಪ್ಪನಂಥವರಿಗೆ ಮುಖ್ಯವಾದದ್ದು ಇನ್ನೊಂದು. ನಾವು ನುಂಗೋ ಮಾತ್ರೆಗಳನ್ನು ಕರಗಿಸಿ ಹೊರಗೆ ಹಾಕೋಕೆ ಲಿವರ್‌ನಲ್ಲಿ ಕೆಲವು ಎಂಜೈಮ್‌ಗಳಿವೆ. ಅಟೊರ್ವಾಸ್ಟ್ಯಾಟಿನ್‌ಗೆ ಅಂಥದ್ದೊಂದು ಬೇಕು. ಸ್ಟೆಂಟ್ ಹಾಕಿದವರಿಗೆ ರಕ್ತ ಹೆಪ್ಪುಗಟ್ಟದಿರಲಿ ಅಂತ ಕೊಡೋ ಕ್ಲೊಪಿಡೊಗ್ರೆಲ್ ಕೆಲಸ ಶುರು ಮಾಡೋಕೆ ಇನ್ನೊಂದು ಬೇಕು. ಸಿಬಿಡಿಗೆ ಈ ಎರಡನ್ನೂ ತಡೆಯೋ ಗುಣ ಇದೆ ಅಂತ ಪ್ರಯೋಗಾಲಯದಲ್ಲಿ ಕಂಡಿದೆ. ಚಕ್ಕೋತದ ಸಂಬಂಧಿ ಗ್ರೇಪ್‌ಫ್ರೂಟ್ ತಿನ್ನಬೇಡಿ ಅಂತ ಕೆಲವು ಸ್ಟ್ಯಾಟಿನ್ ಜೊತೆ ಡಾಕ್ಟರು ಹೇಳೋದು ಇಂಥದ್ದೇ ಕಾರಣಕ್ಕೆ. ಹಾಗಾಗಿ ಸಿಬಿಡಿಯನ್ನು ಮಾತ್ರೆಯ ಬದಲು ತಗೊಂಡ್ರೆ ಒಂದು ಅಪಾಯ, ಹೇಳದೆ ಮಾತ್ರೆಯ ಜೊತೆ ತಗೊಂಡ್ರೆ ಇನ್ನೊಂದು.

ಆಮೇಲೆ ಏನಾಯ್ತು?

ಮರುದಿನವೇ ದೊಡ್ಡಪ್ಪನನ್ನು ರಕ್ತಪರೀಕ್ಷೆಗೆ ಕರ್ಕೊಂಡು ಹೋದೆ. ಮೂರು ತಿಂಗಳ ಹಿಂದೆ ಎಲ್‌ಡಿಎಲ್ 62 ಇತ್ತು. ಈಗ 131. ಆ ಕಾಗದವನ್ನು ಅವರು ತುಂಬ ಹೊತ್ತು ಹಿಡ್ಕೊಂಡು ಕೂತಿದ್ರು. ಅವರ ಹೃದಯದ ಡಾಕ್ಟರಿಗೆ ಬಾಟಲಿಯನ್ನೂ ತೋರಿಸಿದ್ವಿ. ಬೈಯಲಿಲ್ಲ. "ಮಾತ್ರೆ ಯಾಕೆ ಬಿಟ್ರಿ?" ಅಂತ ಮಾತ್ರ ಕೇಳಿದ್ರು.

ಆಗ ಗೊತ್ತಾಯ್ತು ನೋಡಿ. ಕಳೆದ ಆರು ತಿಂಗಳಿಂದ ದೊಡ್ಡಪ್ಪನಿಗೆ ತೊಡೆ, ಮೀನಖಂಡ ಹಿಡಿದ ಹಾಗೆ ಆಗ್ತಿತ್ತಂತೆ. ಮಾತ್ರೆಯಿಂದಲೇ ಅಂತ ಅವರಿಗೆ ಅನುಮಾನ. ಪ್ರತಿ ಸಲ ಡಾಕ್ಟರ ಹತ್ತಿರ ಹೋದಾಗ ಹೊರಗೆ ಅಷ್ಟು ಜನ ಕಾಯ್ತಿದ್ದದ್ದು ನೋಡಿ, ಇದನ್ನೇನು ಹೇಳೋದು ಅಂತ ಸುಮ್ಮನಾಗಿದ್ರು. ವಾಕಿಂಗ್ ಗೆಳೆಯರಿಗೆ ಮಾತ್ರ ಹೇಳಿದ್ರು, ಯಾಕಂದ್ರೆ ಅವರಿಗೆ ಕೇಳೋಕೆ ಪುರುಸೊತ್ತಿತ್ತು. ಬಾಟಲಿ ಮನೆಗೆ ಬಂದದ್ದು ಆ ದಾರಿಯಲ್ಲಿ. ನಾನೂ ವಾರಕ್ಕೊಮ್ಮೆ ಅವರ ಮನೆಗೆ ಹೋಗ್ತೀನಿ. ನಾನೂ ಕೇಳಿರಲಿಲ್ಲ.

ಡಾಕ್ಟರು ಸ್ನಾಯುವಿನ ಪರೀಕ್ಷೆ ಮಾಡಿಸಿ, ಬೇರೆ ಸ್ಟ್ಯಾಟಿನ್ ಬರೆದುಕೊಟ್ರು. ಅಂಥ ನೋವು ಬಂದ್ರೆ ಪ್ರಮಾಣ ತಗ್ಗಿಸಬಹುದು, ಮಾತ್ರೆ ಬದಲಾಯಿಸಬಹುದು. ಹೇಳದೆ ನಿಲ್ಲಿಸೋದು ಮಾತ್ರ ಬೇಡ ಅಂದ್ರು. ಕಾಲು ನೋವು ಈಗ ಕಡಿಮೆ ಇದೆ ಅಂತ ದೊಡ್ಡಪ್ಪ ಹೇಳ್ತಾರೆ. ಮುಂದಿನ ರಕ್ತಪರೀಕ್ಷೆ ಇನ್ನೂ ಬಾಕಿ. ಬಾಟಲಿಯನ್ನು ಗೆಳೆಯರಿಗೆ ವಾಪಸ್ ಕೊಟ್ಟು, ಈ ಗುಗ್ಗುಳದ ಕಥೆಯನ್ನೂ ಅವರಿಗೆ ಹೇಳಿದ್ದಾರಂತೆ.

ಕೇಳುಗರೇ, ನಿಮ್ಮ ಮನೆಯ ಮಾತ್ರೆ ಡಬ್ಬದ ಪಕ್ಕ ಯಾವುದಾದ್ರೂ ಹೊಸ ಬಾಟಲಿ ಕಂಡ್ರೆ, ಅದನ್ನು ತೆಗೆದು ಎಸೆಯೋ ಮೊದಲು ಅದನ್ನು ತಂದವರನ್ನು ಸ್ವಲ್ಪ ಕೂರಿಸಿ ಮಾತಾಡಿಸಿ. ಏನು ನೋವಿದೆ ಅಂತ ಕೇಳಿ. ಆಮೇಲೆ ಬಾಟಲಿ, ಮಾತ್ರೆ ಚೀಟಿ ಎರಡನ್ನೂ ತಗೊಂಡು ಡಾಕ್ಟರ ಹತ್ತಿರ ಹೋಗಿ.